ಟರ್ಬೊ ಕಾರಿನ ಗಾಳಿದಾರಿ: ಬಳ್ಳಾರಿ ಸೀಮೆಯ ಬಿಸಿಲು, ದೂಳಿನಲ್ಲಿ ಅಳೆದು ಸರಿಪಡಿಸುವ ಬಗೆ

ಮೇ ತಿಂಗಳ ಮಧ್ಯಾಹ್ನ ಬಳ್ಳಾರಿಯಿಂದ ತೋರಣಗಲ್ಲಿನ ಕಡೆಗೆ ಹೊರಟ ಟರ್ಬೊ ಕಾರು (ಹೊಗೆಯ ಬಲದಿಂದ ಚಕ್ರ ತಿರುಗಿಸಿ ಎಂಜಿನ್ನಿಗೆ ಗಾಳಿಯನ್ನು ಹಿಂಡಿ ತುಂಬುವ ಸಾಧನವೇ ಟರ್ಬೊ) ಬೆಳಗಿನ ಜಾವ ಎಳೆದಂತೆ ಎಳೆಯುವುದಿಲ್ಲ. ಅದಿರು ಲಾರಿಯನ್ನು ಹಿಂದಿಕ್ಕಲು ಆಕ್ಸಿಲರೇಟರ್ ತುಳಿದರೆ ಪಿಕಪ್ ತಡವಾಗಿ ಬರುತ್ತದೆ, ಬಂದರೂ ಮಂಕಾಗಿರುತ್ತದೆ. ಇದಕ್ಕೆ ಮದ್ದು ಎಂದು ನಮ್ಮ ಕಡೆ ಬಹಳ ಮಂದಿ ಮಾಡುವ ಮೊದಲ ಕೆಲಸವೆಂದರೆ ಕಂಪನಿ ಕೊಟ್ಟ ಫಿಲ್ಟರ್ ಪೆಟ್ಟಿಗೆಯನ್ನು ಕಿತ್ತು, ಬಾನೆಟ್ಟಿನೊಳಗೆ ಶಂಕುವಿನ ಆಕಾರದ ತೆರೆದ ಫಿಲ್ಟರ್ ಕೂರಿಸುವುದು. ಗಾಳಿ ಎಳೆಯುವ ಸದ್ದು ಜೋರಾಗುತ್ತದೆ. ಸದ್ದು ಹೆಚ್ಚಿದ್ದರಿಂದ ಶಕ್ತಿಯೂ ಹೆಚ್ಚಿತು ಎಂದು ಮನಸ್ಸು ಒಪ್ಪಿಕೊಳ್ಳುತ್ತದೆ. ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಮಟ್ಟಿಗೆ ಇದು ಎಂಜಿನ್ನಿಗೆ ಹಾನಿ ಮಾಡುವ ಕೆಲಸ. ಇಲ್ಲಿ ಟರ್ಬೊ ಎಂಜಿನ್ನನ್ನು ಕಾಪಾಡಬೇಕಾದರೆ ಮೊದಲು ಗಾಳಿದಾರಿಯನ್ನು, ಅಂದರೆ ಹೊರಗಿನ ಗಾಳಿ ಎಂಜಿನ್ನಿಗೆ ಬರುವ ದಾರಿಯನ್ನು ಅಳೆಯಬೇಕು, ಅಡಚಣೆ ಎಲ್ಲಿದೆಯೆಂದು ಕಂಡುಕೊಳ್ಳಬೇಕು, ಅಲ್ಲಿ ಮಾತ್ರ ಕೈಹಾಕಬೇಕು. ಅಳೆಯಲು ಬೇಕಾದ ಮುಖ್ಯ ಸಲಕರಣೆ ಊರಿನ ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ.

ಟರ್ಬೊ ತನ್ನ ಕಷ್ಟ ಹೇಳಿಕೊಳ್ಳುವುದಿಲ್ಲ

ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಗಾಳಿದಾರಿ ಕಟ್ಟಿಕೊಂಡರೆ ಶಕ್ತಿ ನೇರವಾಗಿ ಇಳಿಯುತ್ತದೆ, ಚಾಲಕನಿಗೆ ಕೂಡಲೇ ತಿಳಿಯುತ್ತದೆ. ಟರ್ಬೊ ಇದ್ದರೆ ಹಾಗಲ್ಲ. ಸಿಲಿಂಡರಿಗೆ ಹೋಗುವ ಗಾಳಿ ಇಷ್ಟು ಒತ್ತಡದಲ್ಲಿರಬೇಕು ಎಂದು ಎಂಜಿನ್ನಿನ ಕಂಪ್ಯೂಟರ್ ಮೊದಲೇ ಗುರಿ ಇಟ್ಟುಕೊಂಡಿರುತ್ತದೆ. ಟರ್ಬೊದಲ್ಲಿ ಗಾಳಿ ಹಿಂಡುವ ಭಾಗವಾದ ಕಂಪ್ರೆಸರಿನ ಮುಂದೆ ಗಾಳಿ ತೆಳುವಾಗಿ ಬಂದರೆ ಕಂಪ್ಯೂಟರ್ ವೇಸ್ಟ್‌ಗೇಟನ್ನು (ಹೆಚ್ಚಿನ ಹೊಗೆಯನ್ನು ಪಕ್ಕದಿಂದ ಬಿಡುವ ಬಾಗಿಲು) ಇನ್ನಷ್ಟು ಮುಚ್ಚಿ, ಹೊಗೆಯ ಬಲವನ್ನು ಹೆಚ್ಚಾಗಿ ಹೊಗೆಯಿಂದ ತಿರುಗುವ ಟರ್ಬೈನಿಗೆ ಹರಿಸಿ, ಚಕ್ರವನ್ನು ಇನ್ನೂ ವೇಗವಾಗಿ ತಿರುಗಿಸಿ ಗುರಿ ಮುಟ್ಟಿಸುತ್ತದೆ. ಗೇಜಿನಲ್ಲಿ ಬೂಸ್ಟ್, ಅಂದರೆ ಹಿಂಡಿದ ಗಾಳಿಯ ಒತ್ತಡ, ಸರಿಯಾಗಿಯೇ ಕಾಣುತ್ತದೆ. ನಷ್ಟವಾಗುವುದು ಶಾಖದ ರೂಪದಲ್ಲಿ, ಚಕ್ರದ ಆಯುಸ್ಸಿನ ರೂಪದಲ್ಲಿ. ಸಣ್ಣ ಕಾರುಗಳ ಟರ್ಬೊ ಚಕ್ರ ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುವ ವಸ್ತು ಎಂಬುದನ್ನು ಇಲ್ಲಿ ನೆನಪಿಡಬೇಕು.

ಲೆಕ್ಕ ಹಾಕಿ ನೋಡೋಣ. ಬಳ್ಳಾರಿ ಸಮುದ್ರಮಟ್ಟಕ್ಕಿಂತ ಸುಮಾರು 485 ಮೀಟರ್ ಎತ್ತರದಲ್ಲಿದೆ; ಇಲ್ಲಿನ ವಾಯುಭಾರ ಸುಮಾರು 95 ಕಿಲೋಪ್ಯಾಸ್ಕಲ್. 42 ಡಿಗ್ರಿ ಬಿಸಿಲಿನಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ 1.06 ಕಿಲೋ ಇದ್ದೀತು. ಸಮುದ್ರಮಟ್ಟದಲ್ಲಿ 15 ಡಿಗ್ರಿಗೆ ಅದೇ ಗಾಳಿ 1.225 ಕಿಲೋ ತೂಗುತ್ತದೆ. ಅಂದರೆ ಮನೆ ಬಿಡುವ ಮೊದಲೇ ನಾವು ಶೇ 14ರಷ್ಟು ಗಾಳಿ ಕಳೆದುಕೊಂಡಿದ್ದೇವೆ.

ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನಲ್ಲಿ ಒತ್ತಡದ ಗುರಿ 200 ಕಿಲೋಪ್ಯಾಸ್ಕಲ್ ಎಂದಿಟ್ಟುಕೊಳ್ಳಿ. ಕಂಪ್ರೆಸರ್ ಗಾಳಿಯನ್ನು ಸುಮಾರು 2.1 ಪಟ್ಟು ಹಿಂಡಬೇಕು. ಕಂಪ್ರೆಸರಿನ ದಕ್ಷತೆ ಶೇ 70 ಎಂದು ಹಿಡಿದರೆ ಹೊರಬರುವ ಗಾಳಿ ಹೆಚ್ಚುಕಡಿಮೆ 147 ಡಿಗ್ರಿಗೆ ಕಾಯುತ್ತದೆ. ಈಗ ಕಟ್ಟಿಕೊಂಡ ಫಿಲ್ಟರ್, ಕಿರಿದಾದ ಬಾಯಿ, ಕೆಟ್ಟ ತಿರುವು ಇವೆಲ್ಲ ಸೇರಿ 5 ಕಿಲೋಪ್ಯಾಸ್ಕಲ್ ನುಂಗಿದವು ಎನ್ನಿ. ಹಿಂಡಬೇಕಾದ ಪ್ರಮಾಣ 2.2 ಪಟ್ಟಿಗೆ ಏರುತ್ತದೆ, ಗಾಳಿ 156 ಡಿಗ್ರಿ ಮುಟ್ಟುತ್ತದೆ. ಅದರ ಜೊತೆಗೆ ಹೊರಗಿನ 42 ಡಿಗ್ರಿ ಗಾಳಿಯ ಬದಲು ಬಾನೆಟ್ಟಿನೊಳಗಿನ 70 ಡಿಗ್ರಿ ಗಾಳಿಯನ್ನೇ ಎಳೆದರೆ ಅದು 195 ಡಿಗ್ರಿ! ಹಿಂಡಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ಹೊರಗಾಳಿಗಿಂತ ಹೆಚ್ಚಿದ ಶಾಖದಲ್ಲಿ ಶೇ 70ರಷ್ಟನ್ನು ಹೊರಗೆ ಬಿಟ್ಟರೂ ಮೊದಲನೆಯ ಕಾರಿನ ಸಿಲಿಂಡರಿಗೆ 73 ಡಿಗ್ರಿಯ ಗಾಳಿ ಹೋಗುತ್ತದೆ, ಕೊನೆಯದಕ್ಕೆ 88 ಡಿಗ್ರಿಯದು. ಬೂಸ್ಟ್ ಎರಡರಲ್ಲೂ ಒಂದೇ. ಆದರೆ ಕೊನೆಯದರಲ್ಲಿ ಗಾಳಿಯ ತೂಕ ಶೇ 4ರಷ್ಟು ಕಡಿಮೆ. ಪೆಟ್ರೋಲ್ ಎಂಜಿನ್ ಆಗಿದ್ದರೆ ನಾಕಿಂಗ್ (ಸಿಲಿಂಡರಿನಲ್ಲಿ ಮಿಶ್ರಣ ತಾನಾಗಿ ಸಿಡಿದು ಬಡಿಯುವುದು) ತಪ್ಪಿಸಲು ಕಂಪ್ಯೂಟರ್ ಕಿಡಿಯನ್ನು ಹಿಂದಕ್ಕೆ ಸರಿಸುತ್ತದೆ, ಅಂದರೆ ತಡವಾಗಿ ಹೊತ್ತಿಸುತ್ತದೆ, ಅಲ್ಲಿ ಇನ್ನಷ್ಟು ಶಕ್ತಿ ಹೋಗುತ್ತದೆ. ಡೀಸೆಲ್‌ನಲ್ಲಿ ನಾಕಿಂಗ್ ಚಿಂತೆ ಇಲ್ಲ. ಗಾಳಿ ಸಾಲದೆ ಕಪ್ಪುಹೊಗೆ ಬರುತ್ತದೆ, ಹೊಗೆಯ ಶಾಖ ಏರುತ್ತದೆ.

ಗಾಳಿದಾರಿಯ ಆಕಾರದ ಪ್ರಶ್ನೆ ಹುಟ್ಟುವುದೇ ಇಲ್ಲಿ. ಒಳ್ಳೆಯ ಆಕಾರ ಎರಡು ಕೆಲಸ ಮಾಡಬೇಕು: ಕಂಪ್ರೆಸರಿನ ಮುಂದಿನ ಒತ್ತಡ ಬೀಳದಂತೆ ನೋಡಿಕೊಳ್ಳಬೇಕು, ತಂಪಾದ ಗಾಳಿ ಸಿಗುವ ಜಾಗದಲ್ಲಿ ಬಾಯಿ ತೆರೆದಿರಬೇಕು.

ಗಾಳಿ ಎಲ್ಲಿ ಮುಗ್ಗರಿಸುತ್ತದೆ

ಸುಮಾರು 120 ಅಶ್ವಶಕ್ತಿಯ 1.2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ ತೆಗೆದುಕೊಳ್ಳಿ. ಪೂರ್ತಿ ಶಕ್ತಿಯಲ್ಲಿ ಓಡುವಾಗ ಅದು ಸೆಕೆಂಡಿಗೆ ಹತ್ತಿರಹತ್ತಿರ 90 ಗ್ರಾಂ ಗಾಳಿ ಬಯಸುತ್ತದೆ. ನಮ್ಮ ಬಿಸಿಲಿನಲ್ಲಿ ಅದು 85 ಲೀಟರ್. 60 ಮಿ.ಮೀ. ಒಳವ್ಯಾಸದ ಕೊಳವೆಯಲ್ಲಿ ಅಷ್ಟು ಗಾಳಿ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 108 ಕಿ.ಮೀ. ವೇಗದಲ್ಲಿ ಹರಿಯಬೇಕಾಗುತ್ತದೆ. ಈ ವೇಗದಲ್ಲಿರುವ ಗಾಳಿಯ ಚಲನೆಯ ಒತ್ತಡ 49 ಮಿ.ಮೀ. ನೀರಿನ ಎತ್ತರಕ್ಕೆ ಸಮ. ಈ 49 ಮಿ.ಮೀ. ನಮ್ಮ ಅಳತೆಗೋಲು; ಇದನ್ನೇ ಒಂದು ಪಾಲು ಎನ್ನೋಣ. ಗಾಳಿದಾರಿಯ ಪ್ರತಿಯೊಂದು ಆಕಾರವೂ ಇಂತಿಷ್ಟು ಪಾಲು ನುಂಗುತ್ತದೆ.

ಕೊಳವೆಯ ಬಾಯಿ ಚೂಪಾದ ಅಂಚಿನದಾಗಿದ್ದು ಬಯಲಿನಲ್ಲಿ ಚಾಚಿಕೊಂಡಿದ್ದರೆ 0.8ರಿಂದ 1 ಪಾಲು ಅಲ್ಲೇ ಹೋಯಿತು. ಅದೇ ಚೂಪು ಬಾಯಿ ಗೋಡೆಗೆ ಸಮವಾಗಿ ಕೂತಿದ್ದರೆ ಅರ್ಧ ಪಾಲು. ಕಹಳೆಯಂತೆ ಹೊರಕ್ಕೆ ಅರಳಿದ ದುಂಡಂಚಿನ ಬಾಯಿ ಇದ್ದರೆ ನಷ್ಟ 0.05 ಪಾಲು ಮಾತ್ರ. ಏಕೆಂದರೆ ಗಾಳಿ ಎದುರಿನಿಂದ ಮಾತ್ರ ಬರುವುದಿಲ್ಲ, ಬದಿಗಳಿಂದಲೂ ಹಿಂದಿನಿಂದಲೂ ನುಗ್ಗಿ ಬಂದು ಅಂಚಿನಲ್ಲಿ ತಿರುಗಬೇಕು. ಚೂಪು ಅಂಚಿನಲ್ಲಿ ಅದಕ್ಕೆ ತಿರುಗಲಾಗದೆ ಗೋಡೆ ಬಿಟ್ಟು ಹಾರುತ್ತದೆ. ಒಳಗೆ ಸುಳಿಗಳು ತುಂಬಿಕೊಂಡು, 60 ಮಿ.ಮೀ. ಕೊಳವೆ ಅದಕ್ಕಿಂತ ಕಿರಿದಾದಂತೆ ವರ್ತಿಸುತ್ತದೆ.

ತಿರುವಿನಲ್ಲೂ ಆಗುವುದು ಇದೇ. ತುಂಗಭದ್ರಾ ಎಡದಂಡೆ ಕಾಲುವೆಯ ತಿರುವುಗಳಲ್ಲಿ ನೀರಿನ ಸೆಳವು ಹೊರದಂಡೆಯನ್ನು ಒತ್ತಿ ಹರಿದು, ಒಳದಂಡೆಯ ಬಳಿ ನಿಧಾನವಾಗಿ ಹೂಳು ಬಿಡುವುದನ್ನು ಗಂಗಾವತಿ, ಸಿಂಧನೂರಿನ ರೈತರೆಲ್ಲ ನೋಡಿದ್ದಾರೆ. ಕೊಳವೆಯೊಳಗಿನ ಗಾಳಿಯೂ ಹಾಗೆಯೇ. ಎರಡು ತುಂಡು ಪೈಪನ್ನು ಕತ್ತರಿಸಿ ಮೂಲೆಯಾಗಿ ಬೆಸುಗೆ ಹಾಕಿದ 90 ಡಿಗ್ರಿ ತಿರುವು 1.1 ಪಾಲು ತಿನ್ನುತ್ತದೆ. ಕೊಳವೆಯ ವ್ಯಾಸದ ಒಂದೂವರೆ, ಎರಡು ಪಟ್ಟು ತ್ರಿಜ್ಯದಲ್ಲಿ ನಯವಾಗಿ ಬಗ್ಗಿಸಿದ ತಿರುವು 0.2ರಿಂದ 0.3 ಪಾಲಿನಲ್ಲಿ ಮುಗಿಸುತ್ತದೆ.

ಮೂರನೆಯದು ಅಗಲವಾಗುವ ಜಾಗ. ಗಾಳಿಗೆ ಕಿರಿದಾಗುವ ದಾರಿ ಸುಲಭ, ಅಗಲವಾಗುವ ದಾರಿ ಕಷ್ಟ. ಕಿರಿದಾಗುವಾಗ ವೇಗ ಹೆಚ್ಚಿ ಗೋಡೆಗೆ ಅಂಟಿಕೊಂಡೇ ಹರಿಯುತ್ತದೆ. ಅಗಲವಾಗುವಾಗ ಮುಂದಿನ ಒತ್ತಡ ಹಿಂದಿನದಕ್ಕಿಂತ ಹೆಚ್ಚಿರುವುದರಿಂದ ಗೋಡೆಯ ಪಕ್ಕದ ನಿಧಾನಗಾಳಿ ಸೋತು ಹಿಂದಿರುಗುತ್ತದೆ. ಆದ್ದರಿಂದ ಅಗಲ ಮಾಡುವ ಶಂಕುವಿನ ಒಟ್ಟು ಕೋನ 7ರಿಂದ 10 ಡಿಗ್ರಿಯೊಳಗೆ ಇರಬೇಕು. 60 ಮಿ.ಮೀ. ಕೊಳವೆಯನ್ನು 80ಕ್ಕೆ ಹಿಗ್ಗಿಸಲು 8 ಡಿಗ್ರಿ ಕೋನದಲ್ಲಿ ಸುಮಾರು 140 ಮಿ.ಮೀ. ಉದ್ದ ಬೇಕು. ಜಾಗವಿಲ್ಲ ಎಂದು 40 ಮಿ.ಮೀ.ನಲ್ಲಿ ಹಿಗ್ಗಿಸಿದರೆ ಆ ಶಂಕುವಿನಿಂದ ಸಿಗಬೇಕಾದ ಲಾಭದ ಬಹುಭಾಗ ಸುಳಿಗಳಲ್ಲಿ ಕಳೆದುಹೋಗುತ್ತದೆ.

ಇವೆಲ್ಲಕ್ಕಿಂತ ಬಲವಾದ ನಿಯಮ ವ್ಯಾಸದ್ದು. ಚಲನೆಯ ಒತ್ತಡ ವ್ಯಾಸದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. 60ರ ಬದಲು 70 ಮಿ.ಮೀ. ಆದರೆ ನಮ್ಮ 49 ಮಿ.ಮೀ. ಅಳತೆಗೋಲು 26ಕ್ಕೆ ಇಳಿಯುತ್ತದೆ. ಎಲ್ಲೋ ಒಂದು ಕಡೆ ಪೈಪು ಚಪ್ಪಟೆಯಾಗಿ 45 ಮಿ.ಮೀ. ವ್ಯಾಸದಷ್ಟೇ ದಾರಿ ಉಳಿದಿದ್ದರೆ ಅಲ್ಲಿ ಅದು 154ಕ್ಕೆ ಜಿಗಿಯುತ್ತದೆ. ಇಡೀ ದಾರಿ ಹೆದ್ದಾರಿಯಂತಿದ್ದು ಒಂದೇ ಜಾಗ ಇಕ್ಕಟ್ಟಾಗಿದ್ದರೂ ಸಾಕು, ಲೆಕ್ಕ ಕೆಡುತ್ತದೆ.

ಮೊದಲ ಹೆಜ್ಜೆ: ದೂಳನ್ನು ಓದಿ

ಎಂಜಿನ್ ತಣ್ಣಗಾದ ಮೇಲೆ ಬಾನೆಟ್ ತೆರೆದು, ಗಾಳಿ ಒಳಬರುವ ಬಾಯಿಯಿಂದ ಟರ್ಬೊವರೆಗೆ ದಾರಿಯನ್ನು ಕೈಯಿಂದ ಮುಟ್ಟುತ್ತ ಹೋಗಿ. ಬಾಯಿ ಸಾಮಾನ್ಯವಾಗಿ ರೇಡಿಯೇಟರಿನ ಮೇಲೆ, ಗ್ರಿಲ್ಲಿನ ಹಿಂದೆ ಇರುತ್ತದೆ. ಬಂಪರ್ ಪೆಟ್ಟುತಿಂದು ದುರಸ್ತಿಯಾದ ಕಾರುಗಳಲ್ಲಿ ಈ ಬಾಯಿಯ ಕ್ಲಿಪ್ಪು ಮುರಿದು, ಕೊಳವೆ ಜಾರಿ, ರೇಡಿಯೇಟರಿನ ಹಿಂದಿನ ಬಿಸಿಗಾಳಿಯನ್ನೇ ಎಳೆಯುತ್ತಿರಬಹುದು. ಇದನ್ನು ಗಮನಿಸುವವರು ಕಡಿಮೆ. ಸರಿಪಡಿಸಲು ಒಂದು ಕ್ಲಿಪ್ ಸಾಕು.

ನಂತರ ಫಿಲ್ಟರ್ ಹೊರತೆಗೆದು ಬೆಳಕಿನಲ್ಲಿ ಹಿಡಿಯಿರಿ. ಎಷ್ಟು ಕೊಳೆಯಾಗಿದೆ ಎಂಬುದಷ್ಟೇ ಅಲ್ಲ, ಕೊಳೆ ಎಲ್ಲಿ ಕೂತಿದೆ ಎಂಬುದನ್ನು ನೋಡಿ. ಮಡಿಕೆಗಳ ಮೇಲೆಲ್ಲ ಸಮನಾಗಿ ಹರಡಿದ್ದರೆ ಪೆಟ್ಟಿಗೆಯೊಳಗೆ ಗಾಳಿ ಚೆನ್ನಾಗಿ ಹಂಚಿಕೆಯಾಗುತ್ತಿದೆ. ಒಂದು ಮೂಲೆಯಲ್ಲಿ ದಟ್ಟವಾದ ಮಚ್ಚೆ, ಇನ್ನೊಂದು ಕಡೆ ಹೊಸದರಂತಿದ್ದರೆ, ಗಾಳಿ ಪಿಚಕಾರಿಯಂತೆ ಒಂದೇ ಕಡೆ ಬಡಿಯುತ್ತಿದೆ. ಅರ್ಧ ಫಿಲ್ಟರ್ ಕೆಲಸವನ್ನೇ ಮಾಡುತ್ತಿಲ್ಲ. ಒಳಗಿನ ಹರಿವನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಇನ್ನೊಂದು ಸಾಕ್ಷಿ ಕಾರಿನಲ್ಲಿಲ್ಲ.

ದೂಳಿನ ಬಣ್ಣವೂ ಮಾತಾಡುತ್ತದೆ. ಸಂಡೂರು, ತೋರಣಗಲ್ಲಿನ ಕಡೆ ಓಡಾಡುವ ಕಾರಿನಲ್ಲಿ ಕೆಂಪು ಅದಿರಿನ ದೂಳು, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಆಸುಪಾಸಿನಲ್ಲಿ ಬೂದಿ, ಗಂಗಾವತಿಯ ಅಕ್ಕಿ ಗಿರಣಿಗಳ ಬೀದಿಯಲ್ಲಿ ಹೊಟ್ಟಿನ ನಾರು. ಹೊಟ್ಟು ದಪ್ಪನಾಗಿ ಮೇಲೆಯೇ ನಿಲ್ಲುತ್ತದೆ, ಬೇಗ ಕಟ್ಟಿಸುತ್ತದೆ. ಅದಿರಿನ ದೂಳು ನುಣುಪಾಗಿ ಒಳಹೋಗಲು ನೋಡುತ್ತದೆ. ಹೆಮಟೈಟ್ ಕಣ ಮೋಸ್ ಮಾಪಕದಲ್ಲಿ 5.5ರಿಂದ 6.5ರಷ್ಟು ಗಡಸು, ಮರಳಿನ ಕಣ 7. ಕಂಪ್ರೆಸರ್ ಚಕ್ರದ ಅಲ್ಯೂಮಿನಿಯಂ ಇವೆರಡಕ್ಕೂ ಬಹಳ ಮೆತ್ತಗಿನದು. ಲಕ್ಷಾಂತರ ಸುತ್ತಿನಲ್ಲಿ ತಿರುಗುವ ಅಲಗಿನ ಮುಂದಂಚನ್ನು ಇಂಥ ಕಣಗಳು ಅರದಂತೆ ಸವೆಸುತ್ತವೆ, ಆಮೇಲೆ ಪಿಸ್ಟನ್ ರಿಂಗುಗಳ ಸರದಿ.

ಹಾಗಾಗಿ ಕೊನೆಗೊಂದು ಪರೀಕ್ಷೆ ಇದೆ. ಫಿಲ್ಟರಿನ ನಂತರದ ಕೊಳವೆಯ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕೆಂಪು ಹತ್ತಿದರೆ ದೂಳು ಫಿಲ್ಟರನ್ನು ದಾಟುತ್ತಿದೆ. ಪೆಟ್ಟಿಗೆಯ ಮುಚ್ಚಳ ಸೊಟ್ಟಗಾಗಿದೆಯೇ, ಫಿಲ್ಟರಿನ ರಬ್ಬರ್ ಅಂಚು ಗಟ್ಟಿಯಾಗಿದೆಯೇ, ಕ್ಲಾಂಪ್ ಸಡಿಲವಾಗಿದೆಯೇ ನೋಡಿ. ಈ ಸೋರಿಕೆ ನಿಲ್ಲುವವರೆಗೆ ಮುಂದಿನ ಯಾವ ಹೆಜ್ಜೆಯನ್ನೂ ಇಡಬೇಡಿ.

ಎರಡನೆಯ ಹೆಜ್ಜೆ: ಲೆವೆಲ್ ಪೈಪಿನಿಂದ ಎಳೆತ ಅಳೆಯಿರಿ

ಮನೆ ಕಟ್ಟುವ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು ಗೊತ್ತಲ್ಲ, ಅದೇ ಇಲ್ಲಿ ಒತ್ತಡಮಾಪಕ. ಕಿರಿದಾದ ಒಳವ್ಯಾಸದ ಪೈಪು ಸಿಕ್ಕರೆ ಒಳ್ಳೆಯದು, ನೀರು ಕಡಿಮೆ ಕುಣಿಯುತ್ತದೆ. ಒಂದು ಹಲಗೆಯ ಮೇಲೆ ಅದನ್ನು ಇಂಗ್ಲಿಷಿನ ‘ಯು’ ಅಕ್ಷರದಂತೆ ಬಗ್ಗಿಸಿ ಕಟ್ಟಿ. ಎರಡೂ ಕಾಲು ಒಂದೊಂದು ಮೀಟರ್ ಎತ್ತರ ಇರಲಿ, ನಡುವೆ ಮಿ.ಮೀ. ಪಟ್ಟಿ ಅಂಟಿಸಿ. ಬಣ್ಣ ಬೆರೆಸಿದ ನೀರನ್ನು ಅರ್ಧದವರೆಗೆ ತುಂಬಿ. ಒಂದು ಕಾಲಿನ ತುದಿ ತೆರೆದಿರಲಿ, ಇನ್ನೊಂದರಿಂದ ಉದ್ದ ಪೈಪು ಎಂಜಿನ್ನಿನ ಗಾಳಿದಾರಿಗೆ ಹೋಗಲಿ. ಎಂಜಿನ್ ಗಾಳಿ ಎಳೆದಾಗ ಎರಡು ಕಾಲುಗಳ ನೀರಿನ ಮಟ್ಟದಲ್ಲಿ ಕಾಣುವ ವ್ಯತ್ಯಾಸವೇ ಎಳೆತದ ಅಂಕಿ. ನಡುವೆ ಒಂದು ಖಾಲಿ ಬಾಟಲಿಯನ್ನು ಎರಡು ತೂತಿನ ಮುಚ್ಚಳದೊಂದಿಗೆ ಗಾಳಿ ಸೋರದಂತೆ ಜೋಡಿಸುವುದನ್ನು ಮರೆಯಬೇಡಿ. ಎಳೆತ ನಿರೀಕ್ಷೆಗಿಂತ ಹೆಚ್ಚಾಗಿ ನೀರು ಮೇಲೇರಿದರೆ ಅದು ಬಾಟಲಿಗೆ ಬೀಳಬೇಕು, ಟರ್ಬೊಗೆ ಹೋಗಬಾರದು.

ಮಾಪಕವನ್ನು ಎಲ್ಲಿ ಸೇರಿಸಬೇಕು? ಮೂರು ಜಾಗ ಮುಖ್ಯ: ಪೆಟ್ಟಿಗೆಯಲ್ಲಿ ಫಿಲ್ಟರಿಗಿಂತ ಮೊದಲು, ಪೆಟ್ಟಿಗೆಯಲ್ಲಿ ಫಿಲ್ಟರಿನ ನಂತರ, ಕಂಪ್ರೆಸರಿನ ಮುಂದೆ. ಮೊದಲನೆಯದು ಬಾಯಿಯ ನಷ್ಟ ಹೇಳುತ್ತದೆ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಫಿಲ್ಟರಿನ ಪಾಲು. ಮೂರನೆಯದರಿಂದ ಎರಡನೆಯದನ್ನು ಕಳೆದರೆ ಟರ್ಬೊವರೆಗಿನ ಕೊಳವೆಯ ಪಾಲು. ಇದರಲ್ಲಿ ವೇಗ ಹೆಚ್ಚಿದ್ದರಿಂದ ಇಳಿದ ಒತ್ತಡವೂ ಸೇರಿರುತ್ತದೆ, ಅಳತೆಗೋಲಿನ ಒಂದು ಪಾಲನ್ನು ಅದಕ್ಕೆ ಬಿಟ್ಟುಕೊಡಿ. ಇದಕ್ಕಾಗಿ ಕಾರಿನ ಮೂಲ ಭಾಗಗಳಿಗೆ ತೂತು ಹಾಕುವುದು ನನಗೆ ಇಷ್ಟವಿಲ್ಲ. ಗುಜರಿಯಲ್ಲಿ ಅದೇ ಮಾದರಿಯ ಹಳೆಯ ಮುಚ್ಚಳ, ಹಳೆಯ ಹೋಸ್ ಸಿಕ್ಕರೆ ತಂದು, 5 ಮಿ.ಮೀ. ತೂತು ಕೊರೆದು, ಹಿತ್ತಾಳೆ ನಿಪ್ಪಲ್ ಕೂರಿಸಿ, ಪರೀಕ್ಷೆಗೆ ಮಾತ್ರ ಬಳಸಿ. ನಿಪ್ಪಲ್ ಒಳಗೋಡೆಗೆ ಸಮವಾಗಿರಬೇಕು. ಒಳಕ್ಕೆ ಚಾಚಿಕೊಂಡರೆ ಅಳತೆ ಸುಳ್ಳಾಗುತ್ತದೆ.

ಹಲಗೆಯನ್ನು ಮುಂದಿನ ಸೀಟಿನ ಬಳಿ ನೆಟ್ಟಗೆ ನಿಲ್ಲಿಸಿ. ಎರಡು ಕಾಲುಗಳು ಕಾರಿನ ಎಡಬಲಕ್ಕೆ ಇರಬೇಕು, ಹಿಂದೆ ಮುಂದೆ ಇರಬಾರದು. ಇಲ್ಲದಿದ್ದರೆ ಕಾರು ಮುನ್ನುಗ್ಗಿದಾಗ ನೀರು ಹಿಂದಕ್ಕೆ ವಾಲಿ ತಪ್ಪು ಅಂಕಿ ತೋರಿಸುತ್ತದೆ. ಕಿಟಕಿ, ಫ್ಯಾನ್‌ಗಳ ಸ್ಥಿತಿ ಪ್ರತಿ ಓಟದಲ್ಲೂ ಒಂದೇ ಇರಲಿ. ಜನಸಂಚಾರವಿಲ್ಲದ ನೇರ ರಸ್ತೆಯಲ್ಲಿ, ವೇಗಮಿತಿಯೊಳಗೆ, ಎರಡನೆಯ ಗೇರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ತುಳಿದು ಎಂಜಿನ್ ವೇಗ ಏರಲು ಬಿಡಿ. ಜೊತೆಗಿರುವವರು ನೀರಿನ ಮಟ್ಟವನ್ನು ಮೊಬೈಲಿನಲ್ಲಿ ವಿಡಿಯೊ ಮಾಡಲಿ. ಚಾಲಕ ರಸ್ತೆ ಬಿಟ್ಟು ಬೇರೆಲ್ಲೂ ನೋಡಕೂಡದು. ಒಂದೇ ಹೊತ್ತಿನಲ್ಲಿ ಕೆಲವು ಓಟ ಮಾಡಿ, ಹತ್ತಿರಹತ್ತಿರ ಬಂದ ಅಂಕಿಗಳನ್ನು ಮಾತ್ರ ನಂಬಿ.

102 ಮಿ.ಮೀ. ನೀರೆಂದರೆ 1 ಕಿಲೋಪ್ಯಾಸ್ಕಲ್. ಕಂಪ್ರೆಸರಿನ ಮುಂದಿನ ಅಂಕಿ 200 ಮಿ.ಮೀ. ಒಳಗಿದ್ದರೆ ದಾರಿ ಚೆನ್ನಾಗಿದೆ, ಹಾಗೇ ಬಿಡಿ ಎಂಬುದು ನನ್ನ ಸಲಹೆ. 400 ದಾಟಿದರೆ ಕೈಹಾಕಲೇಬೇಕು. ನಡುವೆ ಇದ್ದರೆ ಮೂರು ಭಾಗಗಳಲ್ಲಿ ಯಾವುದು ಹೆಚ್ಚು ನುಂಗುತ್ತಿದೆ ನೋಡಿ ನಿರ್ಧರಿಸಿ. ದೊಡ್ಡ ಡೀಸೆಲ್ ಲಾರಿಗಳಲ್ಲಿ ಎಳೆತ 25 ಇಂಚು, ಅಂದರೆ 635 ಮಿ.ಮೀ. ತಲುಪಿದಾಗ ಫಿಲ್ಟರ್ ಬದಲಿಸುವ ರೂಢಿಯಿದೆ. ಸಣ್ಣ ಕಾರಿನಲ್ಲಿ ಅಷ್ಟು ಕಾಯುವುದು ಬೇಡ.

ಮೂರನೆಯ ಹೆಜ್ಜೆ: ಗಾಳಿಯ ತಾಪ ನೋಡಿ

ಎಂಜಿನ್ನಿನ ಕಂಪ್ಯೂಟರಿನ ಅಂಕಿಗಳನ್ನು ಓದಲು ಕಾರಿನಲ್ಲಿರುವ ಒಬಿಡಿ ಕಿಂಡಿಗೆ ಸಿಕ್ಕಿಸುವ ಬ್ಲೂಟೂತ್ ಅಡಾಪ್ಟರ್ ಮತ್ತು ಮೊಬೈಲ್ ಆ್ಯಪ್ ಇದ್ದರೆ ಒಳಬರುವ ಗಾಳಿಯ ತಾಪ ಕಾಣುತ್ತದೆ. ಆದರೆ ಸೆನ್ಸರ್ ಎಲ್ಲಿದೆ ಎಂದು ಮೊದಲು ತಿಳಿಯಿರಿ. ಫಿಲ್ಟರಿನ ಬಳಿಯ ಎಂಎಎಫ್ ಸೆನ್ಸರಿನ (ಒಳಹೋಗುವ ಗಾಳಿಯ ಪ್ರಮಾಣ ಅಳೆಯುವುದು) ಜೊತೆಗಿದ್ದರೆ ಅದು ಟರ್ಬೊಗೆ ಮೊದಲಿನ ತಾಪ. ಇಂಟರ್‌ಕೂಲರಿನ ನಂತರ, ಮ್ಯಾನಿಫೋಲ್ಡಿನಲ್ಲಿದ್ದರೆ ಅದು ಹಿಂಡಿ ತಣಿಸಿದ ಗಾಳಿಯದು. ಒಂದನ್ನು ಇನ್ನೊಂದೆಂದು ತಿಳಿದು ಹೋಲಿಸಿದರೆ ಎಲ್ಲ ತಲೆಕೆಳಗು.

ಟರ್ಬೊಗೆ ಮೊದಲಿನ ತಾಪ ಸಿಕ್ಕಿದರೆ ಅದನ್ನು ನೆರಳಿನ ತಾಪದೊಂದಿಗೆ ಹೋಲಿಸಿ. ಹೆದ್ದಾರಿಯಲ್ಲಿ ಸಮವೇಗದಲ್ಲಿ ಓಡುವಾಗ 8–10 ಡಿಗ್ರಿ ಹೆಚ್ಚಿದ್ದರೆ ಪರವಾಗಿಲ್ಲ. 20 ಡಿಗ್ರಿ ಮೀರಿದರೆ ಬಾಯಿ ಎಲ್ಲಿಂದಲೋ ಬಿಸಿಗಾಳಿ ಎಳೆಯುತ್ತಿದೆ. ಪ್ರತಿ 3 ಡಿಗ್ರಿ ಏರಿಕೆಗೆ ಗಾಳಿಯ ತೂಕ ಶೇ 1ರಷ್ಟು ಇಳಿಯುತ್ತದೆ ಎಂಬ ಸ್ಥೂಲ ಲೆಕ್ಕ ಸಾಕು. ತೆರೆದ ಶಂಕು ಫಿಲ್ಟರ್ ಇಲ್ಲಿ ಸೋಲುತ್ತದೆ: ಎಳೆತದಲ್ಲಿ 50 ಮಿ.ಮೀ. ಉಳಿಸಿದರೆ ಅದು ವಾಯುಭಾರದ ಶೇ 0.5, ಅದೇ ಹೊತ್ತಿಗೆ 28 ಡಿಗ್ರಿ ಹೆಚ್ಚು ಬಿಸಿಯ ಗಾಳಿ ಎಳೆದು ಶೇ 8 ಕಳೆಯುತ್ತದೆ.

ನಾಲ್ಕನೆಯ ಹೆಜ್ಜೆ: ಬಾಯಿಯಿಂದ ಶುರುಮಾಡಿ

ಮೊದಲ ಅಳತೆಯಲ್ಲಿ, ಅಂದರೆ ಫಿಲ್ಟರಿಗೂ ಮುನ್ನ, 100 ಮಿ.ಮೀ.ಗಿಂತ ಹೆಚ್ಚು ಎಳೆತ ಕಂಡರೆ ಬಾಯಿ ಅಥವಾ ಅದರ ಹಿಂದಿನ ಕೊಳವೆ ಇಕ್ಕಟ್ಟಾಗಿದೆ. ಚಪ್ಪಟೆ ಬಾಯಿಯ ಉದ್ದ, ಅಗಲ ಅಳೆದು ಕ್ಷೇತ್ರಫಲ ಲೆಕ್ಕ ಹಾಕಿ. 60 ಮಿ.ಮೀ. ದುಂಡು ಕೊಳವೆಯ ಕ್ಷೇತ್ರಫಲ 28 ಚದರ ಸೆಂ.ಮೀ.; ಬಾಯಿ ಅದಕ್ಕಿಂತ ಕಿರಿದಾಗಿರಕೂಡದು, ಒಂದೂವರೆ ಪಟ್ಟು ಇದ್ದರೆ ಉತ್ತಮ.

ಅಂಚು ಚೂಪಾಗಿದ್ದರೆ ಕಹಳೆಬಾಯಿ ಮಾಡಿಸಿ. ಬಳ್ಳಾರಿಯಲ್ಲಾಗಲಿ ರಾಯಚೂರಿನಲ್ಲಾಗಲಿ ಲೇತ್ ಕೆಲಸದವರಿಗೆ ಇದು ದೊಡ್ಡ ಕೆಲಸವೇನಲ್ಲ. ಅವರಿಗೆ ಹೇಳಬೇಕಾದ ಅಳತೆ ಒಂದೇ: ಅಂಚಿನ ದುಂಡು ತ್ರಿಜ್ಯ ಒಳವ್ಯಾಸದ ಶೇ 15ಕ್ಕಿಂತ ಕಡಿಮೆ ಇರಬಾರದು. 60 ಮಿ.ಮೀ. ಕೊಳವೆಗೆ 9 ಮಿ.ಮೀ., 12 ಇಟ್ಟರೆ ಇನ್ನೂ ನೆಮ್ಮದಿ. ಅದಕ್ಕಿಂತ ದೊಡ್ಡದು ನೋಡಲು ಚೆಂದ, ಗಾಳಿಗೆ ಹೆಚ್ಚಿನ ಪ್ರಯೋಜನವಿಲ್ಲ. ದುಂಡು ಮುಗಿದು ನೇರ ಕೊಳವೆ ಶುರುವಾಗುವಲ್ಲಿ ಮೆಟ್ಟಿಲು ಉಳಿಯಬಾರದು. ಬೆರಳಾಡಿಸಿದರೆ ಗೀರು ಸಹ ತಾಗಬಾರದು. ಅಲ್ಯೂಮಿನಿಯಂ ಇಲ್ಲವೇ ಫೈಬರ್ ಗ್ಲಾಸ್ ಆಗಬಹುದು. ಅಂಗಡಿಯ ನೀರಿನ ಪಿವಿಸಿ ಪೈಪನ್ನು ದಯವಿಟ್ಟು ಬಳಸಬೇಡಿ. ಸುಮಾರು 80 ಡಿಗ್ರಿಯಲ್ಲಿ ಅದು ಮೆತ್ತಗಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಬಾನೆಟ್ಟಿನ ಒಳಗೆ ಆ ತಾಪ ಅಪರೂಪವಲ್ಲ.

ಬಾಯಿಯ ಜಾಗ ಬದಲಿಸುವುದಾದರೆ ಗ್ರಿಲ್ಲಿನ ಹಿಂದೆ, ರೇಡಿಯೇಟರಿನ ಮುಂದೆ ಇಡಿ. ಕೆಳಗೆ, ಬಂಪರಿನ ತಳಕ್ಕೆ ಇಳಿಸಬೇಡಿ. ತಂಪು ಗಾಳಿ ಸಿಗುತ್ತದೆ ನಿಜ, ಆದರೆ ಮುಂದಿನ ಲಾರಿಯ ಚಕ್ರ ಎಬ್ಬಿಸಿದ ದೂಳೆಲ್ಲ ಅಲ್ಲೇ ಇರುತ್ತದೆ. ಮಳೆ ಬಂದಾಗ ರೈಲ್ವೆ ಕೆಳಸೇತುವೆಯಲ್ಲಿ ನಿಂತ ನೀರನ್ನು ಎಂಜಿನ್ ಒಂದು ಲೋಟದಷ್ಟು ಕುಡಿದರೂ ಕನೆಕ್ಟಿಂಗ್ ರಾಡ್ ಬಾಗಬಹುದು.

ಬಾನೆಟ್ ಮೇಲೆ ಸ್ಕೂಪ್ ಕೂರಿಸಿ ಗಾಳಿಯನ್ನು ಒಳಕ್ಕೆ ನುಗ್ಗಿಸುವ ಆಸೆ ಹಲವರಿಗಿದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಎದುರುಗಾಳಿ ಕೊಡುವ ಒತ್ತಡ ಸುಮಾರು 0.4 ಕಿಲೋಪ್ಯಾಸ್ಕಲ್, ವಾಯುಭಾರದ ಶೇ 0.4. ಅಷ್ಟಕ್ಕೆ ಬಾನೆಟ್ ಕೊರೆಯುವುದು ವ್ಯರ್ಥ. ಅಮೆರಿಕದ ನಾಕಾ ಸಂಸ್ಥೆ 1940ರ ದಶಕದಲ್ಲಿ ವಿಮಾನಗಳಿಗೆಂದು ರೂಪಿಸಿದ ಹುದುಗು ಬಾಯಿ ಇದೆ. ಸಣ್ಣ ಇಳಿಜಾರು, ಬಾಗಿ ಅಗಲವಾಗುವ ಬದಿಗೋಡೆಗಳು, ಚೂಪಾದ ಬದಿಯಂಚುಗಳಲ್ಲಿ ಹುಟ್ಟುವ ಸುಳಿಗಳ ಮೂಲಕ ಗಾಳಿಯನ್ನು ಒಳಗೆಳೆಯುವ ಅದರ ಉಪಾಯ ಬಲು ಸುಂದರ. ಆದರೆ ಅದು ಗಾಳಿ ಸಪಾಟಾಗಿ ಅಂಟಿ ಹರಿಯುವ ಮೇಲ್ಮೈಯಲ್ಲಿ ಮಾತ್ರ ಕೆಲಸ ಮಾಡುತ್ತದೆ.

ಐದನೆಯ ಹೆಜ್ಜೆ: ಪೆಟ್ಟಿಗೆ, ಫಿಲ್ಟರ್

ನಮ್ಮ ಜಿಲ್ಲೆಗಳಲ್ಲಿ ಹೆಚ್ಚಿನ ನಷ್ಟ ಅಡಗಿರುವುದು ಫಿಲ್ಟರಿನಲ್ಲೇ. ಕಂಪನಿಯ ಪುಸ್ತಕದಲ್ಲಿ ಬರೆದ ಕಿ.ಮೀ. ಸಾಮಾನ್ಯ ರಸ್ತೆಗೆ; ದೂಳಿನ ಪ್ರದೇಶಕ್ಕೆ ಬೇಗ ಬದಲಿಸಿ ಎಂದು ಅದೇ ಪುಸ್ತಕದಲ್ಲಿ ಸಾಮಾನ್ಯವಾಗಿ ಬೇರೆಯಾಗಿ ಬರೆದಿರುತ್ತದೆ. ಕಿ.ಮೀ. ಎಣಿಸುವ ಬದಲು ಲೆವೆಲ್ ಪೈಪಿನ ಅಂಕಿ ನೋಡಿ ಬದಲಿಸುವುದು ನ್ಯಾಯ. ಹೊಸ ಫಿಲ್ಟರ್ ಹಾಕಿದ ದಿನ ಒಂದು ಅಳತೆ ಬರೆದಿಡಿ. ಫಿಲ್ಟರಿನ ಪಾಲು ಅದರ ಎರಡೂವರೆ ಪಟ್ಟಾದಾಗ ಹೊಸದು ತನ್ನಿ.

ಗ್ಯಾರೇಜುಗಳಲ್ಲಿ ಕಾಗದದ ಫಿಲ್ಟರಿಗೆ ಕಂಪ್ರೆಸರ್ ಗಾಳಿಯನ್ನು ಜೋರಾಗಿ ಊದಿ ಮತ್ತೆ ಹಾಕುವ ಪದ್ಧತಿ ನಿಲ್ಲಬೇಕು. ಕಾಗದದ ನಾರು ಹಿಗ್ಗಿ ಸಣ್ಣ ತೂತುಗಳಾಗುತ್ತವೆ, ಕಣ್ಣಿಗೆ ಕಾಣುವುದಿಲ್ಲ, ಅದಿರಿನ ದೂಳಿಗೆ ಅಷ್ಟೇ ಬೇಕು. ಕಾಗದದ ಮೇಲೆ ತೆಳುವಾಗಿ ಕೂತ ದೂಳಿನ ಪದರ ಮುಂದಿನ ದೂಳನ್ನು ಹಿಡಿಯಲು ನೆರವಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ಎಣ್ಣೆ ಸವರಿದ ಹತ್ತಿಬಟ್ಟೆಯ ಫಿಲ್ಟರ್ ಇಲ್ಲಿಗೆ ಸಲ್ಲದು. ಎಣ್ಣೆ ಹೆಚ್ಚಾದರೆ ಹಾರಿಹೋಗಿ ಎಂಎಎಫ್ ಸೆನ್ಸರಿನ ತಂತಿಗೆ ಅಂಟುತ್ತದೆ. ಕಡಿಮೆಯಾದರೆ ದೂಳು ದಾಟುತ್ತದೆ.

ಫಿಲ್ಟರಿನಲ್ಲಿ ಒಂದೇ ಕಡೆ ಮಚ್ಚೆ ಕಂಡಿದ್ದರೆ ಪೆಟ್ಟಿಗೆಗೆ ಸೇರುವ ಕೊಳವೆಯ ಕೊನೆ ನೋಡಿ. 60 ಮಿ.ಮೀ. ಕೊಳವೆ ಪೆಟ್ಟಿಗೆಯೊಳಗೆ ಥಟ್ಟನೆ ತೆರೆದುಕೊಂಡರೆ 49 ಮಿ.ಮೀ. ಅಷ್ಟೂ ಸುಳಿಯಾಗಿ ಕರಗುತ್ತದೆ. ಕೊನೆಯ 140 ಮಿ.ಮೀ. ಉದ್ದವನ್ನು 80 ಮಿ.ಮೀ. ವ್ಯಾಸಕ್ಕೆ ನಿಧಾನವಾಗಿ ಹಿಗ್ಗಿಸಿದರೆ ಕೊನೆಯಲ್ಲಿ ಕಳೆಯುವುದು 15 ಮಾತ್ರ, ಪಿಚಕಾರಿಯ ಬಿರುಸೂ ಇಳಿದು ದೂಳು ಸಮನಾಗಿ ಹರಡುತ್ತದೆ. ಪೆಟ್ಟಿಗೆಯ ಪಕ್ಕದಲ್ಲಿ ಜೋತುಬಿದ್ದ ಖಾಲಿ ಡಬ್ಬಿಯಂಥ ಭಾಗಗಳನ್ನು ವ್ಯರ್ಥ ಎಂದು ಕಿತ್ತುಹಾಕುವವರಿದ್ದಾರೆ. ಅವು ಗಾಳಿಯ ಗುನುಗು ತಡೆಯಲು ಇಟ್ಟವು, ಹರಿವಿಗೆ ಅಡ್ಡಿಯಿಲ್ಲ, ಇರಲಿ ಬಿಡಿ.

ಆರನೆಯ ಹೆಜ್ಜೆ: ಟರ್ಬೊ ಮುಂದಿನ ಗೇಣುದ್ದ

ಇಡೀ ದಾರಿಯಲ್ಲಿ ಅತ್ಯಂತ ನಾಜೂಕಿನ ಜಾಗ ಇದು. ಕಂಪ್ರೆಸರ್ ಚಕ್ರದ ಅಲಗುಗಳು ಗಾಳಿ ನೇರವಾಗಿ, ಎಲ್ಲ ಸುತ್ತಲೂ ಒಂದೇ ವೇಗದಲ್ಲಿ ಬರುತ್ತದೆ ಎಂಬ ನಂಬಿಕೆಯ ಮೇಲೆ ಕೊರೆಯಲ್ಪಟ್ಟಿವೆ. ಟರ್ಬೊ ಮೂಗಿಗೇ ಹತ್ತಿದಂತೆ ಚೂಪು ತಿರುವು ಇದ್ದರೆ ಒಂದು ಬದಿಯಲ್ಲಿ ಗಾಳಿ ರಭಸವಾಗಿ, ಇನ್ನೊಂದು ಬದಿಯಲ್ಲಿ ಸುಳಿಯಾಗಿ ಒಳನುಗ್ಗುತ್ತದೆ. ಪ್ರತಿ ಅಲಗೂ ಒಂದು ಸುತ್ತಿನಲ್ಲೇ ಒಳ್ಳೆಯ ಗಾಳಿ, ಕೆಟ್ಟ ಗಾಳಿ ಎರಡನ್ನೂ ಕಾಣುತ್ತದೆ. ದಕ್ಷತೆ ಬೀಳುತ್ತದೆ; ಕಡಿಮೆ ಹರಿವಿನಲ್ಲಿ ಗಾಳಿ ಹಿಮ್ಮೆಟ್ಟಿ ಬಡಿಯುವ ಸರ್ಜ್ ಬೇಗ ಬರುತ್ತದೆ.

ಸಾಧ್ಯವಿದ್ದರೆ ಟರ್ಬೊ ಮುಂದೆ ಕೊಳವೆಯ ವ್ಯಾಸದ ಮೂರು ಪಟ್ಟು ನೇರ ಉದ್ದ ಬಿಡಿ, 60 ಮಿ.ಮೀ.ಗೆ 180, ಒಂದು ಗೇಣಿಗಿಂತ ಸ್ವಲ್ಪ ಕಡಿಮೆ. ಸಣ್ಣ ಕಾರುಗಳಲ್ಲಿ ಅಷ್ಟು ಜಾಗ ಸಿಗುವುದು ಕಷ್ಟ. ಆಗ ತಿರುವನ್ನು ದೊಡ್ಡ ವ್ಯಾಸದಲ್ಲಿ ಮುಗಿಸಿ, ನಂತರ ಟರ್ಬೊ ಬಾಯಿಯ ಅಳತೆಗೆ ನಯವಾಗಿ ಕಿರಿದಾಗಿಸಿ. ಕಿರಿದಾಗುವ ಶಂಕು ಗಾಳಿಯ ವೇಗವನ್ನು ಸಮಗೊಳಿಸುತ್ತದೆ, ತಿರುವಿನ ತಪ್ಪನ್ನು ಬಹುಮಟ್ಟಿಗೆ ತಿದ್ದುತ್ತದೆ. ಜೋಡಣೆಯಲ್ಲಿ ಕೊಳವೆಯ ಅಂಚು ಟರ್ಬೊ ಬಾಯಿಗಿಂತ ಒಳಕ್ಕೆ ಬಂದು ಮೆಟ್ಟಿಲಾಗಿದ್ದರೆ ಉಜ್ಜಿ ಸಮಮಾಡಿ. ಉಜ್ಜುವ ಕೆಲಸ ಕೊಳವೆಯನ್ನು ಬಿಚ್ಚಿಟ್ಟು ಮಾಡಬೇಕು, ಒಂದು ಲೋಹದ ಚೂರೂ ಚಕ್ರಕ್ಕೆ ಹೋಗಬಾರದು. ಟರ್ಬೊ ಬಾಯಿಗೆ ಬಟ್ಟೆ ತುರುಕಿದ್ದರೆ ತೆಗೆಯುವುದನ್ನು ಇನ್ನೊಬ್ಬರಿಂದ ಪರೀಕ್ಷಿಸಿಕೊಳ್ಳಿ.

ಇಲ್ಲಿನ ರಬ್ಬರ್ ಹೋಸ್ ಹಳೆಯದಾದರೆ ಎಳೆತಕ್ಕೆ ಒಳಕ್ಕೆ ಕುಸಿಯುತ್ತದೆ. ನಿಂತ ಕಾರಿನಲ್ಲಿ ದುಂಡಗಿರುತ್ತದೆ, ಓಡುವಾಗ ಚಪ್ಪಟೆಯಾಗುತ್ತದೆ; ಎಂಜಿನ್ ವೇಗ ಏರಿದಂತೆ ಲೆವೆಲ್ ಪೈಪಿನ ಅಂಕಿ ಥಟ್ಟನೆ ಜಿಗಿದರೆ ಇದೇ ಕಾರಣ ಎಂದು ತಿಳಿಯಿರಿ. ಬದಲಿಸುವಾಗ ಒಳಗೆ ಉಕ್ಕಿನ ತಂತಿ ಸುತ್ತಿದ ಸಿಲಿಕೋನ್ ಹೋಸ್ ಕೇಳಿ ತನ್ನಿ.

ಎಂಎಎಫ್ ಸೆನ್ಸರ್ ಇರುವ ಕೊಳವೆಯ ವ್ಯಾಸವನ್ನು ಮಾತ್ರ ಮುಟ್ಟಲೇಬೇಡಿ. ಅದು ಒಂದು ಬಿಂದುವಿನಲ್ಲಿ ಹರಿವನ್ನು ಅಳೆದು, ಕೊಳವೆಯ ಅಗಲ ಇಷ್ಟೇ ಎಂದು ನಂಬಿ ಒಟ್ಟು ಗಾಳಿಯ ಲೆಕ್ಕ ಕೊಡುತ್ತದೆ. 60ರ ಜಾಗದಲ್ಲಿ 70 ಹಾಕಿದರೆ ದಾರಿ ಶೇ 36 ಅಗಲವಾಯಿತು. ನಿಜವಾಗಿ ಹೋಗುವ ಗಾಳಿ ಅದು ಹೇಳಿದ್ದಕ್ಕಿಂತ ಅಷ್ಟು ಹೆಚ್ಚು. ಪೆಟ್ರೋಲ್ ಸಾಲದೆ ಮಿಶ್ರಣ ತೆಳುವಾಗುತ್ತದೆ. ಬೂಸ್ಟ್‌ನಲ್ಲಿರುವ ಎಂಜಿನ್ನಿಗೆ ತೆಳು ಮಿಶ್ರಣ ಪಿಸ್ಟನ್ ಸುಡುವ ದಾರಿ. ಸೆನ್ಸರಿನ ಮುಂದೆ ಜೇನುಗೂಡಿನಂಥ ಜಾಲರಿ ಇದ್ದರೆ ಅದನ್ನೂ ಕೀಳಬೇಡಿ. ಗಾಳಿಯನ್ನು ನೇರಮಾಡಿ ಸೆನ್ಸರಿಗೆ ಒಪ್ಪಿಸುವುದು ಅದರ ಕೆಲಸ.

ಮತ್ತೆ ಅಳತೆ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಬದಲಾವಣೆಯ ನಂತರ ಅದೇ ರಸ್ತೆ, ಅದೇ ಹೊತ್ತು, ಅದೇ ಗೇರಿನಲ್ಲಿ ಮತ್ತೆ ಅಳೆಯಿರಿ. ಬೆಳಿಗ್ಗೆ 6ಕ್ಕೆ ಒಂದು, ಮಧ್ಯಾಹ್ನ 2ಕ್ಕೆ ಇನ್ನೊಂದು ಅಳೆದು ಹೋಲಿಸಿದರೆ ಏನೂ ತಿಳಿಯದು. ಸುಸ್ಥಿತಿಯಲ್ಲಿರುವ ಕಾರಿನಲ್ಲಿ ಆಕಾರದ ತಿದ್ದುಪಡಿಗಳೆಲ್ಲ ಸೇರಿ 100–150 ಮಿ.ಮೀ. ಉಳಿಸಿದರೆ ಅದು ಒಳ್ಳೆಯ ಫಲ, 1ರಿಂದ 1.5 ಕಿಲೋಪ್ಯಾಸ್ಕಲ್. ಶಕ್ತಿ ಜಿಗಿದು ಹೆಚ್ಚುವುದಿಲ್ಲ. ಟರ್ಬೊ ಸ್ವಲ್ಪ ಬೇಗ ಎಚ್ಚರಗೊಳ್ಳುತ್ತದೆ, ತುಸು ತಂಪಾಗಿ ಓಡುತ್ತದೆ, ಮೇ ತಿಂಗಳಲ್ಲೂ ಕಿಡಿ ಹಿಂದೆ ಸರಿಯುವುದು ಕಡಿಮೆಯಾಗುತ್ತದೆ. ಕೊಳೆ ಕಟ್ಟಿದ ಫಿಲ್ಟರ್, ಜಾರಿದ ಬಾಯಿ, ಕುಸಿದ ಹೋಸ್ ಇದ್ದ ಕಾರಿನಲ್ಲಾದರೆ ವ್ಯತ್ಯಾಸ ಮೊದಲ ಗೇರಿನಲ್ಲೇ ತಿಳಿಯುತ್ತದೆ.

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಮಾರ್ಪಾಡುಗಳನ್ನು ತಡೆಯುತ್ತದೆ. ಬಾನೆಟ್ ಕೊರೆಯುವುದು, ಫಿಲ್ಟರ್ ಪೆಟ್ಟಿಗೆ ತೆಗೆಯುವುದು ತಪಾಸಣೆಯಲ್ಲೂ ವಿಮೆಯಲ್ಲೂ ತೊಂದರೆ ತರಬಹುದು. ವಾರಂಟಿ ಇರುವ ಕಾರಿನಲ್ಲಿ ಫಿಲ್ಟರ್, ಸೀಲ್, ಕ್ಲಿಪ್, ಹೋಸ್‌ಗಳಿಗೆ ಮಾತ್ರ ಕೈಹಾಕಿ. ಕಹಳೆಬಾಯಿ, ಶಂಕುಗಳ ಕೆಲಸ ವಾರಂಟಿ ಮುಗಿದ ಮೇಲಿರಲಿ, ಅದಕ್ಕೂ ಮುಂಚೆ ವಿಮಾ ಕಂಪನಿಯನ್ನು ಕೇಳಿ.

ಪರೀಕ್ಷೆ ಮುಗಿದ ಮೇಲೆ ನಿಪ್ಪಲ್ ಇದ್ದ ಹಳೆಯ ಮುಚ್ಚಳ, ಹೋಸ್‌ಗಳನ್ನು ತೆಗೆದು ಮೂಲ ಭಾಗಗಳನ್ನು ಕೂರಿಸಿ, ಎಲ್ಲ ಕ್ಲಾಂಪುಗಳನ್ನು ಬಿಗಿಮಾಡಿ. ನೂರಿನ್ನೂರು ಕಿ.ಮೀ. ಓಡಿಸಿ, ಬಿಳಿ ಬಟ್ಟೆಯಿಂದ ಒಳಗೋಡೆಯನ್ನು ಇನ್ನೊಮ್ಮೆ ಒರೆಸಿ ನೋಡಿ. ಸಂಡೂರು, ಗಿಣಿಗೇರಾ, ಶಕ್ತಿನಗರದ ದಾರಿಯಲ್ಲಿ ದಿನವೂ ಓಡಾಡುವವರು ಈ ಒರೆಸುವ ಪರೀಕ್ಷೆಯನ್ನು ತಿಂಗಳಿಗೊಮ್ಮೆ, ಲೆವೆಲ್ ಪೈಪಿನ ಅಳತೆಯನ್ನು ಬೇಸಿಗೆಗೆ ಮುನ್ನ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಮಾಡಿ, ಅಂಕಿಗಳನ್ನು ತಾರೀಖಿನೊಂದಿಗೆ ಸರ್ವಿಸ್ ಪುಸ್ತಕದಲ್ಲೇ ಬರೆದಿಡಿ.